[ಪದಚರ್ಚೆ] ಆಟದ ಮೆನುವಿಗೆ ‘ಸೇವ್’, ‘ಪಾರ್ಟಿ’, ‘ಎಚ್‌ಪಿ’: 72 ಪಿಕ್ಸೆಲ್ ಒಳಗೆ ಹಿಡಿಸುವ ಪದ ಬೇಕು

ಚುಕ್ಕಿಬಿಲ್ಲೆ ಬರೆದದ್ದು:

ಎಲ್ಲರಿಗೂ ನಮಸ್ಕಾರ.

ಪಾತ್ರ ವಹಿಸಿ ಆಡುವ ಆಟಗಳನ್ನು (ಆರ್‌ಪಿಜಿ) ಕಟ್ಟುವ ತಂತ್ರಾಂಶವಾದ ಆರ್‌ಪಿಜಿ ಮೇಕರ್ 2000ದಲ್ಲಿ ಒಬ್ಬರೇ ಕಟ್ಟಿದ, ಹೆಚ್ಚು ಜನರ ಕಣ್ಣಿಗೆ ಬೀಳದ ಆಟವೊಂದನ್ನು ಕನ್ನಡಕ್ಕೆ ತರುತ್ತಿದ್ದೇವೆ. ಮಾಡಿದವರ ಒಪ್ಪಿಗೆ ಇದೆ. ಹೊರಬರುವ ತನಕ ಆಟದ ಹೆಸರು ಹೇಳಬಾರದೆಂಬುದು ಅವರ ಷರತ್ತು. ಸಂಭಾಷಣೆಯೆಲ್ಲ ಮುಗಿದಿದೆ, ಮೆನು ಒಂದು ಬಾಕಿ. ನಾಳಿದ್ದರೊಳಗೆ ಕಡತ ಕಳಿಸಬೇಕು.

ಜಾಗದ ಲೆಕ್ಕ ಮೊದಲೇ ಹೇಳುತ್ತೇನೆ. ಪರದೆ 320×240. ಮೆನು ಕಿಟಕಿಯ ಅಗಲ 88, ಎರಡೂ ಬದಿಯ ಅಂಚು ಎಂಟೆಂಟು ಕಳೆದರೆ ಬರೆಯಲು ಸಿಗುವುದು 72 ಪಿಕ್ಸೆಲ್. ನಮ್ಮ ಫಾಂಟಿನಲ್ಲಿ ಒಂದಕ್ಷರಕ್ಕೆ ಸರಾಸರಿ 11. ಅಲ್ಲಿಗೆ ಆರು ಅಕ್ಷರ, ಮೀರಿದರೆ ತುಂಡಾಗುತ್ತದೆ. ಸಾಲಿನ ಎತ್ತರ 16.

‘ಸೇವ್’ಗೆ ಸದ್ಯ ‘ಉಳಿಸು’ ಎಂದಿದೆ. ತೊಂದರೆ ಏನೆಂದರೆ, ಪ್ರತಿ ಊರಿನ ಬಾವಿಕಟ್ಟೆಯಲ್ಲಿ ಒಬ್ಬ ಸನ್ಯಾಸಿನಿ ಕೂತು ‘ಉಳಿಸಲೇ?’ ಎನ್ನುತ್ತಾಳೆ, ಪಕ್ಕದ ಬೀದಿಯಲ್ಲೇ ಜನ ‘ನಮ್ಮನ್ನು ಉಳಿಸಿ’ ಎಂದು ಕೂಗುತ್ತಾರೆ. ‘ಪಾರ್ಟಿ’ ಅಂದರೆ ನಾಯಕಿಯ ಜೊತೆ ನಡೆಯುವವರು, ಹೆಚ್ಚೆಂದರೆ ನಾಲ್ವರು. ‘ಎಚ್‌ಪಿ’ (ಪೆಟ್ಟು ತಾಳುವ ಶಕ್ತಿ), ‘ಎಂಪಿ’ (ಮಂತ್ರಕ್ಕೆ ಖರ್ಚಾಗುವ ಶಕ್ತಿ), ‘ಲೆವೆಲ್’ (ಪಾತ್ರ ಎಷ್ಟು ಪಳಗಿದೆ ಎಂಬುದು) ಮೂರಕ್ಕೂ ಪೂರ್ತಿ ಪದದ ಜೊತೆಗೆ 12 ಪಿಕ್ಸೆಲ್‌ನಲ್ಲಿ ಕೂರುವ ಮೊಟಕು ರೂಪವೂ ಬೇಕು. ಡೌನ್‌ಲೋಡ್ ಪುಟದ ತಲೆಬರಹಕ್ಕೆ ‘ಇಂಡೀ ಆರ್‌ಪಿಜಿ’ (ದೊಡ್ಡ ಕಂಪನಿಯ ಹಂಗಿಲ್ಲದೆ ಮಾಡಿದ ಆರ್‌ಪಿಜಿ) ಎನ್ನುವುದನ್ನು ಏನೆನ್ನಬಹುದು?

ತಿಳಿಗನ್ನಡ ಬರೆದದ್ದು:

ಉತ್ತರ ನಿಮ್ಮ ಕೈಯಲ್ಲೇ ಇದೆ. ಆಡು–ಆಟ, ಕೂಡು–ಕೂಟ, ಮಾಡು–ಮಾಟ, ಓಡು–ಓಟ. ಪಾರ್ಟಿಗೆ ಕೂಟ, ಮ್ಯಾಜಿಕ್‌ಗೆ ಮಾಟ, ಎಸ್ಕೇಪ್‌ಗೆ ಓಟ, ಫೈಟ್‌ಗೆ ಕಾದು. ಎಚ್‌ಪಿಗೆ ಕಸುವು. ಎಲ್ಲವೂ ಅಚ್ಚಗನ್ನಡ, ಎಲ್ಲವೂ ಮೂರಕ್ಷರದೊಳಗೆ. ಈ ‘ಕೂಟ’ವನ್ನು ಸಂಸ್ಕೃತದ ಕೂಟದೊಂದಿಗೆ ಯಾರೂ ಗಂಟುಹಾಕಬೇಡಿ, ಅದರ ಅರ್ಥ ಶಿಖರ, ಮೋಸ. ಇದು ಕೂಡುವಿಕೆ. ಸಂಸ್ಕೃತದ ಭಾರ ಇಳಿಸಿದರೆ ಪಿಕ್ಸೆಲ್ ತಾನಾಗಿಯೇ ಉಳಿಯುತ್ತದೆ.

ಹಳೆಮೇಷ್ಟ್ರು ಬರೆದದ್ದು:

> ಫೈಟ್‌ಗೆ ಕಾದು

‘ಕಾದು’ ಕಂಡವನು ಯಾರಿಗೋ ಕಾದು ಕುಳಿತುಕೊಳ್ಳುತ್ತಾನೆ. ‘ಮಾಟ’ ಅಂದರೆ ಈಗ ನಿಂಬೆಹಣ್ಣು, ಕುಂಕುಮ; ವೈದ್ಯಳೊಬ್ಬಳು ಗಾಯ ಮಾಯಿಸುವ ವಿದ್ಯೆಗೆ ಅದನ್ನು ಅಂಟಿಸಬೇಡಿ. ‘ಕೂಟ’ ಕೇಳಿದರೆ ಅಮೆರಿಕದ ಕನ್ನಡ ಕೂಟ, ಇಲ್ಲವೇ ಮೈತ್ರಿಕೂಟ. ವ್ಯುತ್ಪತ್ತಿ ಸರಿ ಇದ್ದಮಾತ್ರಕ್ಕೆ ಬಳಕೆ ಸರಿ ಆಗುವುದಿಲ್ಲ.

ಪಾರ್ಟಿಗೆ ‘ಸಂಗಡಿಗರು’. ಐದಕ್ಷರ, ಒತ್ತಿಲ್ಲ.

ಮೆನುವಿನಲ್ಲಿ ‘ಉಳಿಸಿ’ ಎಂದು ಮಾಡಹೋಗಬೇಡಿ. ಫೋನಿನಲ್ಲಿ ಹಾಗಿದೆ, ಅಲ್ಲಿ ಯಂತ್ರ ನಮಗೆ ಹೇಳುತ್ತದೆ. ಇಲ್ಲಿ ಆಡುವವನು ಯಂತ್ರಕ್ಕೆ ಅಪ್ಪಣೆ ಕೊಡುತ್ತಿದ್ದಾನೆ. ಏಕವಚನವೇ ಸರಿ. ತೆರೆಯುವ ಪಟ್ಟಿಗೆ ನಾಮಪದ, ಮಾಡುವ ಕೆಲಸಕ್ಕೆ ಕ್ರಿಯಾಪದ. ‘ಓಟ’ ಅಲ್ಲ, ‘ಓಡು’.

ಎಂಟುಬಿಟ್ ಬರೆದದ್ದು:

> ಸಂಸ್ಕೃತದ ಭಾರ ಇಳಿಸಿದರೆ ಪಿಕ್ಸೆಲ್ ತಾನಾಗಿಯೇ ಉಳಿಯುತ್ತದೆ

ಉಳಿಯುವುದಿಲ್ಲ. ಅಗಲಕ್ಕಿಂತ ಎತ್ತರವೇ ಇಲ್ಲಿ ತಲೆನೋವು. 16 ಸಾಲಿನಲ್ಲಿ ಮೇಲಿನ ಗುಡಿಸು, ಏತ್ವಕ್ಕೆ 3, ಅಕ್ಷರದ ಮೈಗೆ 8, ಒತ್ತಿಗೆ 5 ಕೊಟ್ಟರೆ ಮುಗಿಯಿತು, ಕೆಳಸಾಲಿನೊಂದಿಗೆ ಗಾಳಿಯಾಡಲೂ ಜಾಗವಿಲ್ಲ. ಒಂದು ಒತ್ತು ಹಿಡಿಸುತ್ತದೆ. ಎರಡು ಒತ್ತು ಬಂದರೆ, ‘ಶಸ್ತ್ರ’ದ ಹಾಗೆ, ಕೆಳಗಿನದು ಮುಂದಿನ ಸಾಲಿನ ತಲೆಗೆ ತಾಗುತ್ತದೆ. ಆದರೆ ‘ಮಟ್ಟ’, ‘ಪೆಟ್ಟು’, ‘ಕಲ್ಲು’, ‘ಬೆಳ್ಳಿ’ ಇವೆಲ್ಲ ಅಚ್ಚಗನ್ನಡ, ಇವಕ್ಕೂ ಒತ್ತು ಉಂಟಲ್ಲ? ‘ಜೀವ’, ‘ಬಲ’, ‘ವರ’ ಸಂಸ್ಕೃತ, ಇವಕ್ಕಿಲ್ಲ. ಮೂಲ ನೋಡಿ ಪದ ಆರಿಸಿದರೆ ಫಾಂಟಿಗೆ ಯಾವ ಲಾಭವೂ ಇಲ್ಲ. ಒಂದೇ ಒಂದು ವಿಷಯದಲ್ಲಿ ನಿಮ್ಮ ಮಾತಿಗೆ ಬಲವಿದೆ: ದ–ಧ, ಬ–ಭ, ಪ–ಫ ಇವುಗಳ ನಡುವಿನ ವ್ಯತ್ಯಾಸ ಹೊಟ್ಟೆ ಸೀಳುವ ಗೀಟು ಮಾತ್ರ. 8 ಪಿಕ್ಸೆಲ್ ಮೈಯಲ್ಲಿ ಅದು ಒಂದು ಚುಕ್ಕಿ. ‘ಧನ’ವೂ ‘ದನ’ವೂ ಒಂದೇ ಥರ ಕಾಣುತ್ತವೆ, ಅಂಗಡಿ ದೃಶ್ಯದಲ್ಲಿ ಎಚ್ಚರ. ‘ಹಣ’ ಎಂದೇ ಬರೆಯಿರಿ.

ಮೊಟಕು ರೂಪಗಳದ್ದು ಬೇರೆ ಪೇಚು. 12 ಪಿಕ್ಸೆಲ್ ಅಂದರೆ ಒಂದೇ ಅಕ್ಷರ, ಅನುಸ್ವಾರಕ್ಕೂ ಜಾಗವಿಲ್ಲ. ಅದರ ಬೆನ್ನಿಗೇ ಅಂಕಿ ಬಂದು ಕೂರುತ್ತದೆ. ಲೆವೆಲ್‌ಗೆ ‘ಮಟ್ಟ’, ಎಂಪಿಗೆ ‘ಮಂತ್ರಬಲ’ ಅಂತ ಇಟ್ಟರೆ ಎರಡೂ ‘ಮ’. ಒಂದನ್ನು ಬದಲಿಸಲೇಬೇಕು. ‘ಹಂತ’ವನ್ನು ಲೆವೆಲ್‌ಗೆ ಬಳಸಬೇಡಿ, ಅದು ಜಿಗಿದಾಟದ ಆಟಗಳ ಸ್ಟೇಜಿಗೆ ಈಗಾಗಲೇ ಹೋಗಿದೆ.

ಪೇಡೆನಗರಿ ಬರೆದದ್ದು:

ಮಂದಿ ಏನ್ ಅಂತಾರ ಅದನ್ನ ಬರೀರಿ. ಆಟ ಆಡೋ ಹುಡುಗರು ‘ಸೇವ್ ಮಾಡಿದ್ಯಾ?’ ಅಂತಾರ, ‘ಉಳಿಸಿದ್ಯಾ?’ ಅಂದ್ರ ಊಟದ ತಾಟು ನೋಡತಾರ. ‘ಸೇವ್’ ಇರ್ಲಿ, ‘ಲೆವೆಲ್’ ಇರ್ಲಿ.

ಸೇವ್ ಮಾಡೋ 15 ಸ್ಲಾಟ್ ಇರತಾವಲ್ಲ, ಅವಕ್ಕ ಮಾತ್ರ ನಮ್ಮ ಪದ ಐತಿ: ಮನಿ. ಚೌಕಾಬಾರದಾಗ ಕಾಯಿ ಇಡೋದು ಮನಿಯೊಳಗ. ‘ಮನೆ 1, ಮನೆ 2’ ಅಂತ ಬರದ್ರ ಯಾರಿಗೂ ಹೇಳಿಕೊಡೋದು ಬ್ಯಾಡ.

ಇನ್ನೊಂದು. ಸಾಮಾನಿನ ಪಟ್ಟಿಯೊಳಗ ‘ಕೀಲಿ’ ಅಂತ ಹಾಕೀರೇನು? ಧಾರವಾಡ ಕಡೆ ಕೀಲಿ ಅಂದ್ರ ಬೀಗ. ‘ಕೀಲಿ ಸಿಕ್ಕಿತು’ ಅಂತ ಬಂದ್ರ ಬೀಗ ಸಿಕ್ತು, ಇನ್ನ ಕೈ ಹುಡುಕಬೇಕು ಅಂತ ಗುಹಾ ಎಲ್ಲಾ ಸುತ್ತತಾರ. ‘ಕೀಲಿಕೈ’ ಮಾಡ್ರಿ, ಇಲ್ಲಾ ‘ಚಾವಿ’.

ಮತ್ತ ಹಳೇ ನುಡಿ ಫಾಂಟ್ ಹಾಕಿ ಮೂಲ ಪ್ರೋಗ್ರಾಮಿನ್ಯಾಗ ಓಡಿಸಲಿಕ್ಕೆ ಬರಂಗಿಲ್ಲೇನು?

ಎಂಟುಬಿಟ್ ಬರೆದದ್ದು:

ಬರುವುದಿಲ್ಲ. ಮೂಲ ಪ್ರೋಗ್ರಾಂ ವಿಂಡೋಸ್‌ನ ಆನ್ಸಿ ಕೋಡ್‌ಪೇಜನ್ನು (ಅಕ್ಷರಗಳಿಗೆ ಸಂಖ್ಯೆ ಕೊಡುವ ಹಳೇ ಪಟ್ಟಿ) ನೆಚ್ಚಿಕೊಂಡದ್ದು, ಕನ್ನಡಕ್ಕೆ ಅಂಥ ಕೋಡ್‌ಪೇಜೇ ಇಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕು ಕೂರಿಸಿದ ಹಳೇ ಫಾಂಟ್ ಹಾಕಿದರೆ ಪ್ರತಿ ತುಣುಕಿಗೂ 6 ಪಿಕ್ಸೆಲ್‌ನ ಸಮ ಗೂಡು ಸಿಗುತ್ತದೆ. ಒತ್ತು ತನ್ನ ಅಕ್ಷರದ ಕಾಲಡಿ ಕೂರದೆ ಪಕ್ಕದ ಗೂಡಿಗೆ ಜಾರುತ್ತದೆ.

ದಾರಿ ಒಂದೇ, ಇಂಥ ಆಟಗಳನ್ನು ಮೂಲ ಪ್ರೋಗ್ರಾಂ ಇಲ್ಲದೆಯೇ ಓಡಿಸುವ ಈಸಿಆರ್‌ಪಿಜಿ ಪ್ಲೇಯರ್. ಎಲ್‌ಸಿಎಫ್‌ಟ್ರಾನ್ಸ್ ಎಂಬ ಸಲಕರಣೆ ಆಟದ ಕಡತಗಳಿಂದ ಮಾತುಗಳನ್ನು ಪಿಒ ಕಡತಗಳಾಗಿ (ಮೂಲ ಸಾಲು, ಅದರ ಅನುವಾದ ಜೋಡಿಯಾಗಿರುವ ಪಠ್ಯ) ತೆಗೆದುಕೊಡುತ್ತದೆ: ಮೆನು ಪದಗಳು ಡೇಟಾಬೇಸಿನ ಕಡತದಲ್ಲಿ, ಒಂದೊಂದು ನಕ್ಷೆಯ ಮಾತುಕತೆ ಒಂದೊಂದರಲ್ಲಿ. ತುಂಬಿಸಿ, ಆಟದ ಕೋಶದಲ್ಲಿ ‘ಲ್ಯಾಂಗ್ವೇಜ್’ ಎಂಬ ಉಪಕೋಶಕ್ಕೆ ಹಾಕಿದರೆ ಆಯಿತು. ಮೂಲ ಆಟವನ್ನು ಮುಟ್ಟಬೇಕಿಲ್ಲ, ಅನುಮತಿ ಕೇಳುವಾಗಲೂ ಇದು ಅನುಕೂಲ. ಒತ್ತು, ಗುಣಿತಗಳನ್ನು ಕೂಡಿಸಿ ತೋರಿಸುವ ಹಾರ್ಫ್‌ಬಜ್ ಸೇರಿಸಿ ಕಟ್ಟಿದ ಪ್ಲೇಯರ್ ಆಗಿರಬೇಕು, ಇಲ್ಲದಿದ್ದರೆ ‘ಕ್ಷ’ ಮೂರು ಚೂರಾಗಿ ಕಾಣುತ್ತದೆ.

ಮಾತಿನ ಪೆಟ್ಟಿಗೆಯಲ್ಲಿ ನಾಲ್ಕು ಸಾಲು. ಮುಖಚಿತ್ರ ಇಲ್ಲದಿದ್ದರೆ ಸಾಲಿಗೆ 300 ಪಿಕ್ಸೆಲ್, ಇದ್ದರೆ 228. ನಿಮ್ಮ 11ರ ಲೆಕ್ಕದಲ್ಲಿ 27 ಅಕ್ಷರ, 20 ಅಕ್ಷರ. ಸಾಲು ತಾನಾಗಿ ಮುರಿಯುವುದಿಲ್ಲ, ಕೈಯಲ್ಲೇ ಮುರಿಯಬೇಕು. ‘ಹೋಗಬೇಕಾಗಿರುವುದರಿಂದ’ದಂಥ ಪದ ಒಂದೇ ಅರ್ಧ ಸಾಲು ತಿನ್ನುತ್ತದೆ.

ಕಡಲಕರೆ ಬರೆದದ್ದು:

ಪಾರ್ಟಿಗೆ ಇಷ್ಟು ಹುಡುಕಾಟ ಯಾಕೆ ಮಾರಾಯ್ರೆ? ‘ಮೇಳ’ ಉಂಟಲ್ಲ. ನಮ್ಮಲ್ಲಿ ‘ಆಟ’ ಅಂದರೇ ಯಕ್ಷಗಾನ, ಆಟ ಆಡುವವರು ಮೇಳ. ವೇಷ ಹಾಕಿ ಊರೂರು ತಿರುಗುವುದು. ಆರ್‌ಪಿಜಿಗೆ ‘ವೇಷದಾಟ’ ಅಂದರೆ ಮುಗಿಯಿತು. ಕೊನೆಯ ದೊಡ್ಡ ಶತ್ರು ಬಣ್ಣದ ವೇಷ.

ಎಂಪಿಗೆ ‘ತಪ’ ಇಡಿ. ವಿಶ್ವಾಮಿತ್ರರು ತ್ರಿಶಂಕುವನ್ನು ಮೇಲೆ ಕಳಿಸಿದಾಗ ಏನಾಯ್ತು? ಕೂಡಿಟ್ಟ ತಪಸ್ಸು ಖರ್ಚಾಯ್ತು. ಪುನಃ ಕೂತು ಗಳಿಸಬೇಕಾಯ್ತು. ಎಂಪಿ ಅಂದರೆ ಅದೇ ಅಲ್ವಾ? ಎರಡಕ್ಷರ, ಒತ್ತಿಲ್ಲ, ಮೊಟಕು ‘ತ’.

ಸನ್ಯಾಸಿನಿ ‘ಉಳಿಸಲೇ’ ಅನ್ನುವುದು ಬೇಡ, ‘ಇಲ್ಲಿಯವರೆಗಿನದನ್ನು ಬರೆದಿಡಲೇ?’ ಅನ್ನಲಿ. ಮೆನುವಿನಲ್ಲಿ ‘ಉಳಿಸು’ ಹಾಗೇ ಇರಲಿ.

ತಿಳಿಗನ್ನಡ ಬರೆದದ್ದು:

‘ತಪ’ ಸಂಸ್ಕೃತ. ‘ಮೇಳ’ ಸಂಸ್ಕೃತ. ‘ವೇಷ’ ಸಂಸ್ಕೃತ. ‘ಚಾವಿ’ ಪೋರ್ಚುಗೀಸರದ್ದು. ‘ಸೇವ್’ ಇಂಗ್ಲಿಷ್, ಜೊತೆಗೆ ಕರಿದ ತಿಂಡಿ. ಇನ್ನೇನು ಉಳಿಯಿತು?

ಪೇಡೆನಗರಿ ಬರೆದದ್ದು:

ನೀವು ಬರ್ಯೋ ‘ಮೇಜು’, ‘ಬಾಕಿ’, ‘ಕಚೇರಿ’ ಎಲ್ಲಿಂದ ಬಂದಾವರಿ? ಚಾವಿ ನಾನೂರು ವರ್ಷದ್ದೋ ನಾಲ್ಕು ವರ್ಷದ್ದೋ, ಬಾಗಿಲಾ ತೆರೀತದಿಲ್ಲೋ ನೋಡ್ರಿ.

ಚುಕ್ಕಿಬಿಲ್ಲೆ ಬರೆದದ್ದು:

‘ತಪ’ ತೆಗೆದುಕೊಂಡೆ ಸರ್, ಧನ್ಯವಾದ. ‘ಮನೆ’ಯೂ ಸೇರಿತು. ‘ಮೇಳ’ ಬೇಡ, ಒಳನಾಡಿನವರಿಗೆ ಉದ್ಯೋಗ ಮೇಳ ನೆನಪಾದೀತು, ‘ಸಂಗಡಿಗರು’ ಇರಲಿ.

ಹೊಸ ತೊಡಕು, ಇದೇ ದೊಡ್ಡದು. ಕಾಳಗದಲ್ಲಿ ಬರುವ ಸಾಲುಗಳನ್ನು ಆಟವೇ ಜೋಡಿಸುತ್ತದೆ. ಆರ್‌ಪಿಜಿ ಮೇಕರ್ 2003ರಲ್ಲಿ ಅಂಕಿ ಮಾತ್ರ ಹಾರುತ್ತದೆ, ನಮ್ಮ ಮೇಕರ್ 2000ದಲ್ಲಿ ಪೂರ್ತಿ ವಾಕ್ಯ. ಇದು 2015ರ ಅಧಿಕೃತ ಇಂಗ್ಲಿಷ್ ಆವೃತ್ತಿಯಲ್ಲಿ ಮಾಡಿದ ಆಟ, ಹಾಗಾಗಿ ಕರ್ತೃ, ಕರ್ಮ, ಅಂಕಿ ಮೂರಕ್ಕೂ ಖಾಲಿ ಜಾಗದ ಗುರುತುಗಳಿವೆ, ಎಲ್ಲಿ ಬೇಕಾದರೂ ಇಡಬಹುದು. ಆದರೆ ‘[ಕರ್ಮ]ಗೆ 12 ಪೆಟ್ಟು’ ಎಂದರೆ ಕಪ್ಪೆಗೆ ಸರಿ, ‘ಕಳ್ಳಗೆ’, ‘ಮರಗೆ’, ‘ಹಾವುಗೆ’ ಎಲ್ಲ ಹಾಳು. ‘[ಕರ್ತೃ] ಹೊಡೆದನು’ ಎಂದರೆ ನಾಯಕಿಯೂ ಹೊಡೆದನು, ಕಪ್ಪೆಯೂ ಹೊಡೆದನು. ಪ್ರತಿ ಶತ್ರುವಿಗೂ ಬೇರೆ ಸಾಲು ಕೊಡುವ ಸೌಲಭ್ಯ ಇಲ್ಲ.

ತಿಳಿಗನ್ನಡ ಬರೆದದ್ದು:

ಹೆಸರುಗಳೆಲ್ಲ ಎಕಾರಾಂತ ಮಾಡಿ. ‘ಗೆ’ ತಾನಾಗಿ ಹೊಂದುತ್ತದೆ.

ಹಳೆಮೇಷ್ಟ್ರು ಬರೆದದ್ದು:

ಶತ್ರುವಿನ ಹೆಸರು ಕೆಡಿಸಿ ವಿಭಕ್ತಿ ಉಳಿಸುವುದೇ? ಬೇಡ.

ವಿಭಕ್ತಿಯೂ ಬೇಡದ, ಲಿಂಗವೂ ಬೇಡದ ರೂಪ ಹಿಡಿಯಿರಿ. ಅವನು ಕೊಟ್ಟ, ಅವಳು ಕೊಟ್ಟ, ಅದು ಕೊಟ್ಟ, ಅವರು ಕೊಟ್ಟ: ಕೃದಂತ ಬದಲಾಗುವುದಿಲ್ಲ, ಕರ್ತೃ ಪ್ರಥಮಾ ವಿಭಕ್ತಿಯಲ್ಲೇ ನಿಲ್ಲುತ್ತದೆ. ಪೆಟ್ಟು ತಿನ್ನುವುದು ನಮ್ಮ ನುಡಿಗಟ್ಟೇ ಆದ್ದರಿಂದ ಕರ್ಮವನ್ನೂ ಕರ್ತೃ ಮಾಡಬಹುದು.

[ಕರ್ತೃ] ಕೊಟ್ಟ ಏಟು!
[ಕರ್ಮ] ತಿಂದ ಪೆಟ್ಟು: [ಅಂಕಿ]
[ಕರ್ಮ] ಪಡೆದ ಕಸುವು: [ಅಂಕಿ]
ಏಟು ತಪ್ಪಿತು!

ಕೊನೆಯದರಲ್ಲಿ ತಪ್ಪಿದ್ದು ಏಟು, ಆದ್ದರಿಂದ ನಪುಂಸಕ. ಯಾರ ಹೆಸರೂ ಬೇಡ.

ಎಂಟುಬಿಟ್ ಬರೆದದ್ದು:

ಇದು ಹಿಡಿಸುತ್ತದೆ. ವಿಷ, ನಿದ್ದೆ, ಮೂರ್ಛೆಯಂಥ ಸ್ಥಿತಿಗಳ ಸಾಲು ಮಾತ್ರ ಬೇರೆ ಪುಟದಲ್ಲಿವೆ, ಮರೆಯಬೇಡಿ. ಅಲ್ಲಿ ನಮ್ಮವರಿಗೆ ಒಂದು, ಶತ್ರುಗಳಿಗೆ ಒಂದು ಸಾಲು. ಅಲ್ಲಿಯೂ ಹೆಸರಿನ ಜಾಗಕ್ಕೆ ಗುರುತನ್ನೇ ಇಡಬೇಕು. ‘[ಕರ್ತೃ] ಮೈಗೆ ವಿಷ ಏರಿತು’ ಎಂದರೆ ‘ಕಳ್ಳ ಮೈಗೆ’ ಆಗುತ್ತದೆ. ಹೆಸರಿನ ಹಿಂದೆಯೇ ಒಂದು ಅಡ್ಡಗೆರೆ ಹಾಕಿ ‘[ಕರ್ತೃ] – ವಿಷ ಏರಿತು!’ ಎನ್ನಿ.

ಎಚ್‌ಪಿಗೆ ‘ಕಸುವು’ ಇಡಬಹುದು, ‘ಜೀವ’ಕ್ಕಿಂತ ಮೇಲು. ಸೊನ್ನೆಗಿಳಿದವರು ಔಷಧಿ ಕುಡಿದು ಏಳುತ್ತಾರೆ, ‘ಜೀವ 0’ ಎಂದು ತೋರಿಸಿ ಮತ್ತೆ ಎಬ್ಬಿಸಿದರೆ ಅಭಾಸ. ‘ಅಟ್ಯಾಕ್’ಗೆ ‘ಬಲ’ ಇರಲಿ, ಎರಡೂ ಒಂದೇ ಎಂದು ಗೊಂದಲವಾಗದ ಹಾಗೆ.

ಕಡಲಕರೆ ಬರೆದದ್ದು:

ತಲೆಬರಹದ ‘ಇಂಡೀ’ಗೆ ‘ಸ್ವತಂತ್ರ’ ಬೇಡ, ಆಗಸ್ಟ್ 15ರ ಆಟ ಅಂತ ಕಾಣ್ತದೆ. ಕಂಪನಿ ನಾಟಕ, ಹವ್ಯಾಸಿ ನಾಟಕ ಅಂತ ನಮ್ಮಲ್ಲಿ ಎರಡು ಉಂಟು. ಅದೇ ಲೆಕ್ಕದಲ್ಲಿ ‘ಹವ್ಯಾಸಿ ವೇಷದಾಟ’.

ಎಂಟುಬಿಟ್ ಬರೆದದ್ದು:

ದುಡ್ಡಿಗೆ ಮಾರಿ ಅದರಲ್ಲೇ ಹೊಟ್ಟೆ ಹೊರೆಯುವ ಇಂಡೀಗಳೂ ಇದ್ದಾರೆ, ಅವರು ಹವ್ಯಾಸಿಗಳಲ್ಲ. ಹಳೇ ಆಟದ ಮೇಲಿನ ಪ್ರೀತಿಗೆ ಪುಕ್ಕಟೆ ಕಟ್ಟುವ ರೋಮ್ ಹ್ಯಾಕ್ (ಹಳೇ ಆಟದ ಕಡತವನ್ನೇ ತಿದ್ದಿದ್ದು), ಅಭಿಮಾನಿ ಅನುವಾದ ಇವಕ್ಕೆ ‘ಹವ್ಯಾಸಿ’ ಸಲ್ಲುತ್ತದೆ. (‘ಅಭಿಮಾನಿ’ ಅಂದಕೂಡಲೇ ರಾಜಕುಮಾರ್ ಅವರ ಅಭಿಮಾನಿ ದೇವರುಗಳು ಕಣ್ಣಿಗೆ ಬರುತ್ತಾರೆ, ಏನು ಮಾಡೋಣ.) ಪುಟದ ಮೇಲೆ ‘ಇಂಡೀ ಆರ್‌ಪಿಜಿ’ ಎಂದೇ ಕನ್ನಡ ಲಿಪಿಯಲ್ಲಿ ಹಾಕಿ. ಹುಡುಕುವವರು ಅದನ್ನೇ ಹುಡುಕುವುದು.

ತಿಳಿಗನ್ನಡ ಬರೆದದ್ದು:

ಹುಡುಕುವವರು ಹುಡುಕಲಿ ಎಂದು ಕನ್ನಡ ಬಿಟ್ಟುಕೊಡುತ್ತಾ ಹೋದರೆ ಕೊನೆಗೆ ಕನ್ನಡದಲ್ಲಿ ಹುಡುಕಲು ಏನೂ ಇರುವುದಿಲ್ಲ. ‘ವೇಷದಾಟ’ಕ್ಕೆ ಸಂಸ್ಕೃತ ಎಂದು ಬೈದವನು ನಾನೇ, ‘ಇಂಡೀ ಆರ್‌ಪಿಜಿ’ಗಿಂತ ಅದು ವಾಸಿ.

ಚುಕ್ಕಿಬಿಲ್ಲೆ ಬರೆದದ್ದು:

ಕಳಿಸುತ್ತಿರುವುದು ಇಷ್ಟು. ಮೆನು: ಸಾಮಾನು, ವಿದ್ಯೆ, ತೊಡುಗೆ, ಉಳಿಸು, ಸಾಕು. ಕಾಳಗ: ಹೋರಾಡು, ತಾನಾಗಿ, ಓಡು. ಕಸುವು (ಕ), ತಪ (ತ), ಮಟ್ಟ (ಮ). ಕೀಲಿಕೈ. ಮನೆ 1ರಿಂದ 15. ಶೀರ್ಷಿಕೆ ಪರದೆ: ಹೊಸ ಆಟ, ಮುಂದುವರೆಸು, ಹೊರಗೆ. ಪುಟದಲ್ಲಿ ದೊಡ್ಡಕ್ಷರದಲ್ಲಿ ‘ವೇಷದಾಟ’, ಕೆಳಗೆ ಸಣ್ಣದಾಗಿ ‘ಇಂಡೀ ಆರ್‌ಪಿಜಿ’.

ಪೇಡೆನಗರಿ ಬರೆದದ್ದು:

ಆಟ ಬಿಡಲಿಕ್ಕೆ ‘ಸಾಕು’ ಭಾಳ ಛಲೋ ಆತು. ‘ಉಳಿಸು’ ಇನ್ನೂ ಒಪ್ಪಿಲ್ಲ.

ಹಳೆಮೇಷ್ಟ್ರು ಬರೆದದ್ದು:

> ಮುಂದುವರೆಸು

ಮುಂದು + ಪರಿ. ಆದೇಶಸಂಧಿ. ಮುಂದುವರಿ, ಮುಂದುವರಿಸು. ಕಳಿಸುವ ಮುಂಚೆ ತಿದ್ದಿ.