ಮಳೆಗಾಲಕ್ಕೆ ಮೊದಲು ಓಣಿಯ ಗಟಾರ: ಎಲ್ಲಿಂದ ಶುರು ಮಾಡುವುದು?

ಕಡಲಮಗ್ಗುಲು (ಕಾರವಾರ)
ನಮ್ಮ ಓಣಿಯಲ್ಲಿ 18 ಮನೆ. ಜೋರು ಮಳೆಗೆ ಗಟಾರ ಉಕ್ಕಿ ಅಂಗಳಕ್ಕೇ ನೀರು. ಮೇ ತಿಂಗಳಲ್ಲಿ ಎಲ್ಲರೂ ಸೇರಿ ಹೂಳು ತೆಗೆಯೋಣ ಅಂತ ಮಾತಾಗಿದೆ. ಗಟಾರ ಒಂದೂವರೆ ಅಡಿ ಅಗಲ, 120 ಮೀಟರ್ ಉದ್ದ. ಎಷ್ಟು ಜನ ಬೇಕು? ನಗರಸಭೆಗೆ ಏನಂತ ಬರೆಯಬೇಕು?

ಚಿರೇಕಲ್ಲು (ಶಿರಸಿ)
ಗುದ್ದಲಿ ಹಿಡಿಯುವ ಮೊದಲು ನೀರು ಎಲ್ಲಿ ನಿಲ್ಲುತ್ತದೆ ಅಂತ ನೋಡಿ. ಹತ್ತಿಪ್ಪತ್ತು ಮೀಟರಿಗೊಮ್ಮೆ ನಾಲ್ಕು ಕೊಡ ನೀರು ಸುರಿದು ಹಿಂದೆಯೇ ನಡೆಯಿರಿ. ಹೆಚ್ಚಾಗಿ ಅದು ನಿಲ್ಲುವುದು ಗೇಟಿನ ಮುಂದೆ, ಗಾಡಿ ಹತ್ತಿಸಲು ಹಾಕಿದ ಕಾಂಕ್ರೀಟಿನ ಕೆಳಗಿನ ಆರಿಂಚಿನ ಪೈಪಿನಲ್ಲಿ. ಒಂದು ತೆಂಗಿನ ಸಿಪ್ಪೆ, ಅದಕ್ಕೊಂದು ಹಾಲಿನ ಪ್ಯಾಕೆಟ್ಟು, ಮೇಲೆ ಮರಳು, ಮುಗೀತು. ಅದು ಕಟ್ಟಿಕೊಂಡಿದ್ದರೆ ಉಳಿದ 119 ಮೀಟರ್ ತೊಳೆದಿಟ್ಟರೂ ಪ್ರಯೋಜನವಿಲ್ಲ.

ಅರ್ಧ ಅಡಿ ಹೂಳಿದ್ದರೆ ಸುಮಾರು 8 ಘನ ಮೀಟರ್ ರಾಡಿ, ಅಂದರೆ ಟ್ರ್ಯಾಕ್ಟರಿನ ಮೂರು ಲೋಡು. ಎತ್ತಲು ಹತ್ತು ಜನ, ಸಾಗಿಸಲು ಆರು ಜನ, ಎರಡು ಬೆಳಗ್ಗೆ. ಕೆಳತುದಿಯಿಂದ ಶುರು ಮಾಡಿ. ಆಗ ಮೇಲಿನ ನೀರು ತಾನಾಗಿ ಇಳಿದು ಹೋಗುತ್ತದೆ, ಗುದ್ದಲಿಗೆ ಗಟ್ಟಿ ರಾಡಿ ಸಿಗುತ್ತದೆ. ಟ್ರ್ಯಾಕ್ಟರ್ ಗೊತ್ತಾಗದೆ ಅಗೆಯಲೇಬೇಡಿ ಮಾರಾಯ್ರೆ. ದಂಡೆ ಮೇಲೆ ಬಿಟ್ಟ ಹೂಳು ಮೊದಲ ಮಳೆಗೇ ವಾಪಸ್ ಗಟಾರಕ್ಕೆ.

ಗಮ್‌ಬೂಟು, ರಬ್ಬರ್ ಕೈಗವಸು ಇಲ್ಲದೆ ಯಾರೂ ಇಳಿಯಬಾರದು. ಕಾಲಲ್ಲಿ ಗಾಯವಿದ್ದವರು ಸಾಗಿಸುವ ಕೆಲಸಕ್ಕೆ. ಇಲಿ ಜ್ವರ ಹೆಚ್ಚಾಗಿ ಗಾಯದಿಂದ ಒಳಹೊಕ್ಕುವುದು. ಆಮೇಲೆ ಜ್ವರ ಬಂದರೆ ಗಟಾರಕ್ಕೆ ಇಳಿದದ್ದನ್ನು ಡಾಕ್ಟರಿಗೆ ಹೇಳಿ. ಮುಚ್ಚಿದ ಚೇಂಬರಿಗಂತೂ ಕೈ ಹಾಕಬೇಡಿ, ಒಳಗಿನ ಗಾಳಿಗೇ ಜೀವ ಹೋಗುತ್ತದೆ.

ಅಳಿವೆ (ಅಂಕೋಲಾ)
ಕಾರವಾರ ಅಂದಿದ್ದೀರಿ, ಹಾಗಾಗಿ ಒಂದು ಮಾತು. ಗಟಾರದ ಬಾಯಿ ಹೊಳೆಗೋ ಸಮುದ್ರಕ್ಕೋ ಇದ್ದರೆ ಭರತಿ (ಸಮುದ್ರದ ಉಬ್ಬರ) ಹೊತ್ತಿನಲ್ಲಿ ನೀರು ಹೊರಗೆ ಹೋಗುವುದಿಲ್ಲ, ಒಳಗೇ ಬರುತ್ತದೆ. ಭರತಿಯಿಂದ ಇಳಿತಕ್ಕೆ ಆರು ಗಂಟೆ ಚಿಲ್ಲರೆ. ಇಳಿತ ನೋಡಿಕೊಂಡು ಕೆಲಸದ ಸಮಯ ಇಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಭರತಿ ಜಾಸ್ತಿ. ಉಕ್ಕುವುದು ಬರೀ ಆ ದಿನಗಳಲ್ಲಾದರೆ ದೋಷ ಹೂಳಿನದಲ್ಲ, ಬಾಯಿಯ ಮಟ್ಟದ್ದು.

ಟಪ್ಪಾಲು (ಕುಮಟಾ)
ಅರ್ಜಿ ಪೌರಾಯುಕ್ತರಿಗೆ, ಆದರೆ ಎರಡು ಬೇರೆ ಬೇರೆ. ಹೂಳು ಸಾಗಿಸುವುದು ಆರೋಗ್ಯ ವಿಭಾಗದ್ದು, ಒಡೆದ ಗಟಾರ ಕಟ್ಟುವುದು ಎಂಜಿನಿಯರ್ ವಿಭಾಗದ್ದು. ಎರಡನ್ನೂ ಒಂದರಲ್ಲೇ ಬರೆದರೆ ಕಡತ ಅತ್ತಿಂದಿತ್ತ ಓಡಾಡುತ್ತಲೇ ಇರುತ್ತದೆ. ಉದ್ದ, ಅಗಲ, ಹತ್ತಿರದ ಕರೆಂಟ್ ಕಂಬದ ನಂಬರ್ ಬರೆದು, 18 ಮನೆಯವರ ಸಹಿ, ಎರಡು ಫೋಟೊ ಹಚ್ಚಿ. ನಿಮ್ಮ ಪ್ರತಿಯ ಮೇಲೆ ಆವಕ ಸಂಖ್ಯೆ, ಮೊಹರು ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ. ಗಟಾರ ರಾಷ್ಟ್ರೀಯ ಹೆದ್ದಾರಿ 66ರದ್ದಾದರೆ ಅರ್ಜಿ ಹೆದ್ದಾರಿ ಪ್ರಾಧಿಕಾರಕ್ಕೆ. ಉತ್ತರವೇ ಬರದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ, ಅರ್ಜಿ ಏನಾಯಿತು ಅಂತಷ್ಟೇ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದೇ ವಿಷಯ, 150 ಪದ ಮೀರಬಾರದು.

ಕಡಲಮಗ್ಗುಲು (ಕಾರವಾರ)
ಗೇಟಿನ ಪೈಪು ತೆಗೆಯಲು ಆ ಮನೆಯವರು ಒಪ್ಪದಿದ್ದರೆ?

ಚಿರೇಕಲ್ಲು (ಶಿರಸಿ)
ಅವರನ್ನು ನಿಲ್ಲಿಸಿಕೊಂಡೇ ನೀರು ಸುರಿದು ತೋರಿಸಿ. ಅವರ ಚಿಂತೆ ಗಾಡಿಯದ್ದು, ಎಷ್ಟು ದಿನ ಹೊರಗೆ ನಿಲ್ಲಬೇಕೋ ಅಂತ. ಅದಕ್ಕೇ ಪೈಪಿನ ಬದಲು ಗಟಾರದ ಮೇಲೆ ಹೊದಿಸುವ ಕಾಂಕ್ರೀಟ್ ಸ್ಲ್ಯಾಬುಗಳನ್ನು ಬೇರೆ ಕಡೆ ಮೊದಲೇ ಹಾಕಿಸಿ: 2 ಅಡಿ ಉದ್ದ, ಒಂದೂವರೆ ಅಡಿ ಅಗಲ, 4 ಇಂಚು ದಪ್ಪ, ಒಳಗೆ ಸರಳು, ಎರಡು ಕಡೆ ಕಬ್ಬಿಣದ ಬಳೆ. ಒಂದೊಂದೂ ಸುಮಾರು 70 ಕಿಲೊ. ಹೂಳು ತೆಗೆಯುವಾಗ ಬಳೆಗೆ ಹಾರೆ ತೂರಿಸಿ ಇಬ್ಬರು ಎತ್ತಬಹುದು. ಕಾರು ಹತ್ತುವುದಾದರೆ ಸರಳು ಎಷ್ಟೆಂದು ಎಂಜಿನಿಯರಿಗೆ ಕೇಳಿ. ಕನಿಷ್ಠ 14 ದಿನ ನೀರುಣಿಸಿ. ಆಮೇಲೆ ಬೆಳಗ್ಗೆ ಪೈಪು ಒಡೆದರೆ ಸಂಜೆಗೆ ಗಾಡಿ ಒಳಗೆ.