ಟ್ರೇಲರ್ ಕಟ್ಟಿದರೆ ಟ್ರಕ್ಕಿನ ಮೂತಿ ಮೇಲೇಳುತ್ತದೆ, ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಸೆಟ್ ಮಾಡೋದು ಹೇಗೆ?

ಡಲ್ಲಾಸ್ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಫೋರ್ಡ್ ಎಫ್-150 ಪಿಕಪ್ ಟ್ರಕ್. ಈಚೆಗೆ 26 ಅಡಿಯ ಟ್ರಾವೆಲ್ ಟ್ರೇಲರ್ ತಗೊಂಡೆವು, ಸಾಮಾನು ತುಂಬಿದರೆ 6,500 ಪೌಂಡ್ ಆಗುತ್ತದೆ. ಮಾರಿದವರೇ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ (ಸರಪಳಿಯಿಂದ ಬಿಗಿಯುವ ಎರಡು ಸ್ಪ್ರಿಂಗ್ ಬಾರ್‌ಗಳ ಮೂಲಕ ಟ್ರೇಲರ್ ಹೇರುವ ಭಾರವನ್ನು ಮುಂದಿನ ಚಕ್ರಗಳಿಗೂ ಹಂಚುವ ಜೋಡಣೆ) ಸೆಟ್ ಮಾಡಿ ಕೊಟ್ಟರು, ಆದರೆ ಆಗ ಟ್ರೇಲರ್ ಖಾಲಿ ಇತ್ತು. ಈಗ ಮನೆಮಂದಿ, ಸಾಮಾನು ಎಲ್ಲ ಹಾಕಿಕೊಂಡು ಹೊರಟರೆ ಹಿಂಭಾಗ ಕೂರುತ್ತದೆ, ಸ್ಟೀರಿಂಗ್ ಹಗುರ ಅನ್ನಿಸುತ್ತದೆ, ರಾತ್ರಿ ನಮ್ಮ ಹೆಡ್‌ಲೈಟ್ ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಸ್ಪ್ರಿಂಗ್ ಬ್ರೇಕ್‌ಗೆ ಮಕ್ಕಳನ್ನು ಬಿಗ್ ಬೆಂಡ್ ನ್ಯಾಷನಲ್ ಪಾರ್ಕ್‌ಗೆ ಕರೆದುಕೊಂಡು ಹೋಗಬೇಕು. ಹಿಂದಿನ ಸ್ಪ್ರಿಂಗ್‌ಗೆ ಆಸರೆ ಕೊಡುವ, ಗಾಳಿ ತುಂಬುವ ಏರ್‌ಬ್ಯಾಗ್ ಹಾಕಿಸಿದರೆ ಸಾಕಾ?

ರೋಡ್ ರಾಜ:
ಏರ್‌ಬ್ಯಾಗ್ ಏನೂ ಬೇಡ ಗುರು. ಸರಪಳಿ ಒಂದೆರಡು ಕೊಂಡಿ ಬಿಗಿ ಮಾಡಿ, ಟ್ರಕ್ ಲೆವೆಲ್ ಆಗೋವರೆಗೆ. ಅಷ್ಟೇ.

ಮಂಡ್ಯ ಟು ಮೊಂಟಾನಾ:
ರಾಜ ಅವರೇ, ಲೆವೆಲ್ ನೋಡಿ ಬಿಗಿ ಮಾಡಬಾರದು, ಮುಂದಿನ ಚಕ್ರದ ಭಾರ ನೋಡಿ ಮಾಡಬೇಕು. ಎತ್ತಿನ ಗಾಡಿಗೆ ಹಿಂದೆ ಜಾಸ್ತಿ ಹೇರಿದರೆ ನೊಗ ಮೇಲೇಳುತ್ತದಲ್ವಾ, ಇಲ್ಲಿ ಆಗುತ್ತಿರುವುದೂ ಅದೇ. 6,500 ಪೌಂಡಿನ ಟ್ರೇಲರ್ ಅಂದರೆ ಟಂಗ್ ವೆಯ್ಟ್, ಅಂದರೆ ಟ್ರೇಲರ್ ಮೂತಿ ಹಿಚ್ ಮೇಲೆ ಒತ್ತುವ ಭಾರ, ಸಾಧಾರಣವಾಗಿ 780 ಪೌಂಡ್ ಆಸುಪಾಸು (ಟ್ರೇಲರ್ ಭಾರದ ಶೇಕಡಾ 10ರಿಂದ 15ರ ಒಳಗೆ ಇರಬೇಕು). ವೀಲ್‌ಬೇಸ್ (ಟ್ರಕ್ಕಿನ ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ದೂರ) 145 ಇಂಚು, ಟ್ರೇಲರ್ ಕೂರುವ ಹಿಚ್ ಬಾಲ್ ಹಿಂದಿನ ಆಕ್ಸಲ್‌ನಿಂದ 65 ಇಂಚು ಆಚೆ ಅಂತ ಇಟ್ಟುಕೊಳ್ಳಿ. ಆಗ ಮುಂದಿನ ಚಕ್ರಗಳ ಮೇಲಿಂದ ಸುಮಾರು 350 ಪೌಂಡ್ ಎದ್ದು ಹೋಗುತ್ತದೆ, ಹಿಂದಿನ ಆಕ್ಸಲ್ ಮೇಲೆ 1,130 ಪೌಂಡ್ ಬಂದು ಕೂರುತ್ತದೆ. ಸ್ಟೀರಿಂಗ್ ಹಗುರ ಆಗಿರುವುದು ಅದಕ್ಕೇ. ಏರ್‌ಬ್ಯಾಗ್ ಹಿಂಭಾಗವನ್ನು ಎತ್ತುತ್ತದೆ, ಆದರೆ ಮುಂದಕ್ಕೆ ಭಾರ ವಾಪಸ್ ಕೊಡುವುದಿಲ್ಲ.

ಮೊದಲು ಟ್ರೇಲರ್‌ಗೆ ನೀವು ಹೊರಡುವ ದಿನ ಏನೇನು ತುಂಬುತ್ತೀರೋ ಎಲ್ಲ ತುಂಬಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಟೇಪ್ ಹಿಡಿದು ಟ್ರಕ್ಕಿನ ಮುಂದಿನ ಚಕ್ರದ ಮೇಲಿನ ಫೆಂಡರ್ (ಮಡ್‌ಗಾರ್ಡ್) ಅಂಚಿನ ಎತ್ತರ ಅಳೆಯಿರಿ, ಚಕ್ರದ ಭಾರ ಕಡಿಮೆಯಾದಷ್ಟೂ ಅದು ಏಳುತ್ತದೆ. ಟ್ರೇಲರ್ ಕಟ್ಟುವ ಮೊದಲು 36 ಇಂಚು ಇದ್ದು, ಬಾರ್ ಹಾಕದೆ ಕಟ್ಟಿದಾಗ 37 ಆಯಿತು ಅಂದುಕೊಳ್ಳಿ. ಬಾರ್ ಹಾಕಿದ ಮೇಲೆ ಅದು ಎಷ್ಟಕ್ಕೆ ಇಳಿಯಬೇಕು ಅಂತ ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲೇ ಇರುತ್ತದೆ. ಈಚಿನ ಎಫ್-150 ಆದರೆ ಅರ್ಧ, ಅಂದರೆ ಮೂವತ್ತಾರೂವರೆ. ಪೂರ್ತಿ 36ಕ್ಕೆ ಎಳೆದರೆ ಹಿಂದಿನ ಚಕ್ರ ಹಗುರ ಆಗುತ್ತದೆ, ಮಳೆಯಲ್ಲಿ ತಿರುವಿನಲ್ಲಿ ಹಿಂಭಾಗ ಜಾರುವ ಅಪಾಯ. ಸುಮ್ನೆ ಬಿಗಿ ಮಾಡಬೇಡಿ ಅಂದಿದ್ದು ಇದಕ್ಕೇ. ಬಾರ್ ಬಿಲ್ಲಿನಂತೆ ಬಾಗಿದರೂ ಸಾಲದೆ ಬಂದರೆ ಹಿಚ್ ಹೆಡ್‌ಗೆ (ಬಾಲ್ ಕೂತಿರುವ ಭಾಗ) ಒಂದು ವಾಷರ್ ಹೆಚ್ಚಿಸಿ ಹಿಂದಕ್ಕೆ ಓರೆ ಮಾಡಿ, ಮತ್ತೆ ಅಳೆಯಿರಿ. ಕೊನೆಗೆ ಟ್ರೇಲರ್ ಸಮವಾಗಿ ನಿಲ್ಲಬೇಕು, ಮೂತಿ ಸ್ವಲ್ಪ ತಗ್ಗಿದ್ದರೂ ಪರವಾಗಿಲ್ಲ, ಎದ್ದಿರಬಾರದು.

ಬಾರ್ ಹಾಕುವಾಗ ಬಲ ಹಾಕಿ ಎಳೆಯಬೇಡಿ. ಟ್ರೇಲರ್ ಮೂತಿಯ ಕಪ್ಲರ್ ಬಾಲ್‌ಗೆ ಲಾಕ್ ಆದ ಮೇಲೆ ಅಲ್ಲೇ ಇರುವ ಟಂಗ್ ಜ್ಯಾಕ್‌ನಿಂದ ಟ್ರಕ್ಕಿನ ಹಿಂಭಾಗವನ್ನೂ ಸೇರಿಸಿ ಮೇಲೆತ್ತಿ, ಸರಪಳಿ ಕೈಯಲ್ಲೇ ಸುಲಭವಾಗಿ ಕೂರುತ್ತದೆ. ಇಲ್ಲದಿದ್ದರೆ ಸರಪಳಿ ಎಳೆಯುವ ಲಿವರ್ ಪಟ್ಟಂತ ವಾಪಸ್ ಹೊಡೆಯುತ್ತದೆ, ಮೂಳೆ ಮುರಿಯುವಷ್ಟು ಜೋರಿರುತ್ತದೆ. ಮಕ್ಕಳನ್ನು ದೂರ ನಿಲ್ಲಿಸಿ.

ಕಾವೇರಿತೀರ:
ಮೇಲಿನವರು ಹೇಳಿದ್ದು ಸರಿ. ಜೊತೆಗೆ ಡ್ರೈವರ್ ಬಾಗಿಲ ಕಂಬದ ಹಳದಿ ಸ್ಟಿಕರ್ ಓದಿ ಸರ್. ಅದರಲ್ಲಿರುವ ಪೇಲೋಡ್, ಅಂದರೆ ಟ್ರಕ್ ಹೊರಬಹುದಾದ ಭಾರದೊಳಗೆ ನೀವೆಲ್ಲ, ಟ್ರಕ್ಕಿನಲ್ಲಿಟ್ಟ ಸಾಮಾನು, ಹಿಚ್, ಟಂಗ್ ವೆಯ್ಟ್ ಎಲ್ಲ ಹಿಡಿಸಬೇಕು. ಹಿಚ್ ಹಾಕಿದರೆ ಆ ಸಂಖ್ಯೆ ಹೆಚ್ಚುವುದಿಲ್ಲ. ಟ್ರಕ್ ಸ್ಟಾಪ್‌ಗಳಲ್ಲಿ ಗಾಡಿ ತೂಗುವ ಕ್ಯಾಟ್ ಸ್ಕೇಲ್ ಇರುತ್ತದೆ, ಒಂದೊಂದು ಆಕ್ಸಲ್‌ನ ಭಾರ ಬೇರೆ ಬೇರೆ ಬರೆದು ಚೀಟಿ ಕೊಡುತ್ತಾರೆ. ಬಾರ್ ಹಾಕಿ, ಬಾರ್ ತೆಗೆದು, ಟ್ರಕ್ ಒಂದೇ ನಿಲ್ಲಿಸಿ, ಮೂರು ಸಲ ತೂಗಿಸಿದರೆ ಅನುಮಾನವೇ ಉಳಿಯುವುದಿಲ್ಲ.

ಡಲ್ಲಾಸ್ ಕನ್ನಡಿಗ:
ತುಂಬಾ ಥ್ಯಾಂಕ್ಸ್, ಶನಿವಾರ ಟೇಪ್ ಹಿಡಿದು ಕೂರುತ್ತೇನೆ. ನೀರಿನ ಟ್ಯಾಂಕ್ ಹಿಂದೆ ಇದೆ, 40 ಗ್ಯಾಲನ್. ತುಂಬಿಕೊಂಡು ಹೋಗಬಹುದಾ? ರಿವರ್ಸ್ ಹೋಗುವಾಗ ಏನಾದರೂ ತೆಗೆಯಬೇಕಾ?

ಮಂಡ್ಯ ಟು ಮೊಂಟಾನಾ:
40 ಗ್ಯಾಲನ್ ಅಂದರೆ 330 ಪೌಂಡ್ ಮೇಲೆ. ಅಷ್ಟೂ ಟ್ರೇಲರ್ ಆಕ್ಸಲ್‌ನ ಹಿಂದಿದ್ದರೆ ಟಂಗ್ ವೆಯ್ಟ್ ಇಳಿಯುತ್ತದೆ, ಶೇಕಡಾ 10ಕ್ಕಿಂತ ಕೆಳಗೆ ಬಂದರೆ ಟ್ರೇಲರ್ ಬಾಲ ಅಲ್ಲಾಡಿಸಲು ಶುರು ಮಾಡುತ್ತದೆ. ತುಂಬಿಕೊಂಡೇ ಹೋಗುವುದಾದರೆ ತುಂಬಿಯೇ ತೂಗಿಸಿ. ರಿವರ್ಸ್‌ಗೆ, ಪಕ್ಕದಲ್ಲಿ ಅಲ್ಲಾಟ ತಡೆಯುವ ಫ್ರಿಕ್ಷನ್ ಸ್ವೇ ಬಾರ್ ಇದ್ದರೆ ಅದನ್ನು ಮೊದಲೇ ಬಿಚ್ಚಿಡಿ, ಇಲ್ಲದಿದ್ದರೆ ತಿರುವಿನಲ್ಲಿ ಬಾಗಿ ಹೋಗುತ್ತದೆ. ಕ್ಯಾಂಪ್‌ಗ್ರೌಂಡ್ ದಾರಿಯಲ್ಲಿ ದೊಡ್ಡ ಹಳ್ಳದಿಬ್ಬ ಸಿಕ್ಕರೆ ಸ್ಪ್ರಿಂಗ್ ಬಾರ್‌ಗಳನ್ನೂ ಇಳಿಸಿ ನಿಧಾನಕ್ಕೆ ದಾಟಿಸಿ.