ಅಮೆರಿಕದ ಸಿವಿಲ್ ವಾರ್ ಕುದ್ರೆ ಸವಾರನ ಯೂನಿಫಾರ್ಮ್ ಬೆಂಗ್ಳೂರಲ್ಲಿ ಹೊಲಿಸ್ಬೋದಾ?

ಕುದ್ರೆಹುಚ್ಚ:
ನಮಸ್ಕಾರ ಎಲ್ರಿಗೂ. ನಾನಿರೋದು ವರ್ಜೀನಿಯಾದಲ್ಲಿ, ಮೂರು ವರ್ಷದಿಂದ ಸವಾರಿ ಕಲೀತಿದೀನಿ. ನಮ್ಮನೆಗೆ ಹತ್ರಾನೇ ಬ್ರ್ಯಾಂಡಿ ಸ್ಟೇಷನ್, 1863 ಜೂನ್ 9ಕ್ಕೆ ಅಮೆರಿಕದ ನೆಲದಲ್ಲೇ ಅತಿ ದೊಡ್ಡ ಕುದ್ರೆ ಕಾಳಗ ಆದ ಜಾಗ. ಇಲ್ಲಿನ ರೀಎನಾಕ್ಟರ್ಸ್, ಅಂದ್ರೆ ಹಳೇ ಯುದ್ಧಗಳನ್ನ ವೇಷ ಹಾಕಿ ಮತ್ತೆ ಆಡಿ ತೋರ್ಸೋರ ಗುಂಪೊಂದು ಯೂನಿಯನ್ (ಉತ್ತರದವ್ರ ಸೈನ್ಯ) ಅಶ್ವದಳ ಮಾಡ್ತಾರೆ, ಬಾ ಅಂದ್ರು, ನಾನೂ ಜೋಶಲ್ಲಿ ಯಾರನ್ನೂ ಕೇಳ್ದೆ ಆನ್‌ಲೈನಲ್ಲಿ 60 ಡಾಲರ್‌ಗೆ ಒಂದು ಜಾಕೆಟ್ ತರಿಸ್ದೆ. ಹಳದಿ ಪಟ್ಟಿ ನೋಡಿದ್ರೆ ಅರಿಶಿನ ಕಲಸಿದ ಹಾಗಿದೆ, ಬಟ್ಟೆ ಪಾಲಿಯೆಸ್ಟರ್, ಕುದ್ರೆ ಹತ್ತಿದ ತಕ್ಷಣ ಹಿಂದೆ ಮೇಲಕ್ಕೆ ಸರಿದು ಒಳಗಿನ ಶರ್ಟ್ ಕಾಣುತ್ತೆ. ಗುಂಪಿನ ಸಾರ್ಜೆಂಟ್ ನೋಡಿ 'ಫಾರ್ಬ್' ಅಂದ, ಅಂದ್ರೆ ಅವ್ರ ಭಾಷೆಲಿ ಡೂಪ್ಲಿಕೇಟ್ ವೇಷ. ಡಿಸೆಂಬರ್‌ಗೆ ಊರಿಗೆ ಬರ್ತಿದೀನಿ. ಚಿಕ್ಕಪೇಟೆಲಿ ಬಟ್ಟೆ ತಗೊಂಡು ಅಪ್ಪನ ಟೈಲರ್ ಹತ್ರ ಹೊಲಿಸಿದ್ರೆ ಆಗುತ್ತಾ?

ಸೂಜಿದಾರ:
ಹೊಲಿಸ್ಬೋದು, ಆದ್ರೆ ಕೋಟು ಹೊಲಿಯೋರು ಅಭ್ಯಾಸಬಲದಿಂದ ಫ್ಯೂಸಿಂಗ್ (ಒಳಗೆ ಅಂಟಿಸೋ ಗಟ್ಟಿ ಬಟ್ಟೆ), ಶೋಲ್ಡರ್ ಪ್ಯಾಡ್ ಎಲ್ಲ ಹಾಕ್ಬಿಡ್ತಾರೆ, ಕೂತು ಬೇಡ ಬೇಡ ಅಂತ ಹೇಳ್ಬೇಕು. ಪಾಲಿಯೆಸ್ಟರ್ ಮಾತ್ರ ಇವತ್ತೇ ಬಿಟ್ಬಿಡಿ, ನೋಟಕ್ಕಲ್ಲ, ಕರಿಮದ್ದಿನ ಕಿಡಿ ಬಿದ್ರೆ ಅದು ಕರಗಿ ಚರ್ಮಕ್ಕೆ ಅಂಟ್ಕೊಳುತ್ತೆ. ಉಣ್ಣೆ ಆದ್ರೆ ಸುಟ್ಟು ಕಪ್ಪಾಗಿ ಅಲ್ಲೇ ನಿಲ್ಲುತ್ತೆ.

ಇನ್ನೊಂದು, ಶರ್ಟ್ ಕಾಣೋದು ಜಾಕೆಟ್ ತಪ್ಪಲ್ಲ, ನಿಮ್ಮ ಪ್ಯಾಂಟ್ ತಪ್ಪು ಅನ್ಸುತ್ತೆ! ಆ ಜಾಕೆಟ್ ಇರೋದೇ ಸೊಂಟದವರೆಗೆ. ಆಗಿನ ಪ್ಯಾಂಟ್ ಹೊಕ್ಕಳ ಹತ್ರ ಕೂರ್ತಿತ್ತು, ಸಸ್ಪೆಂಡರ್ ಮೇಲೆ ನಿಲ್ತಿತ್ತು. ಜೀನ್ಸ್ ಹಾಕೋ ಎತ್ತರಕ್ಕೆ ಹಾಕಿದ್ರೆ ಮಧ್ಯ ಖಾಲಿ ಬರ್ದೆ ಇನ್ನೇನು. ತಿಳಿನೀಲಿ ಕೆರ್ಸಿ ಬಟ್ಟೆ, ಅಂದ್ರೆ ದಪ್ಪ ಟ್ವಿಲ್ ಉಣ್ಣೆ, ಜಿಪ್ ಇಲ್ಲ ಬರೀ ಗುಂಡಿ, ಸವಾರರ ಪ್ಯಾಂಟಿಗೆ ಸೀಟ್‌ನಿಂದ ತೊಡೆ ಒಳಭಾಗದ ಉದ್ದಕ್ಕೂ ಅದೇ ಬಟ್ಟೆಯ ಇನ್ನೊಂದು ಪದರ. ಜೀನು ಉಜ್ಜಿ ಉಜ್ಜಿ ಮೊದ್ಲು ಹರಿಯೋದು ಅಲ್ಲೇ. ಕೆರ್ಸಿನ ಅಲ್ಲಿಂದಲೇ ತನ್ನಿ. ಚಿಕ್ಕಪೇಟೆಲಿ ಸೂಟಿಂಗ್ ಬೇಕಾದಷ್ಟು ಸಿಗುತ್ತೆ, ಅದು ತೆಳು. ಕಾಜಾ ಕೈಯಲ್ಲೇ ಹಾಕ್ಸಿ.

ಹಳೇಲಾಳ:
ಗುರೂ, ಜಾಕೆಟ್ ಯಾಕೆ ಅರ್ಜೆಂಟು? ಎಷ್ಟೋ ರೆಜಿಮೆಂಟ್‌ಗಳ ಸವಾರರು ನಾಕು ಗುಂಡಿಯ ಸಡಿಲ ಸ್ಯಾಕ್ ಕೋಟಲ್ಲೇ ಯುದ್ಧ ಮಾಡಿದಾರೆ. ಹೊಲಿಯೋದೂ ಸುಲಭ, ಜುಲೈ ಸೆಕೆಗೂ ವಾಸಿ. ಯಾವ ರೆಜಿಮೆಂಟ್ ಅಂತ ಗುಂಪಿನವ್ರನ್ನ ಕೇಳಿ, ಆಮೇಲೆ ದುಡ್ಡು ಬಿಚ್ಚಿ. ಜಾಕೆಟ್ಟೇ ಆಗ್ಬೇಕು ಅಂದ್ರೆ ಮುಂದೆ 12 ಗುಂಡಿ ಎಣಿಸ್ಕೊಳಿ, ಬೆನ್ನ ಕೆಳಗಡೆ ಎರಡು ಪುಟ್ಟ ದಿಂಬಿನ ಥರ ಇರುತ್ತಲ್ಲ, ಅದು ಅಲಂಕಾರಕ್ಕಲ್ಲ ಮಾರಾಯ್ರೇ, ಕತ್ತಿ ಬೆಲ್ಟ್ ಜಾರ್ದೆ ಅದ್ರ ಮೇಲೆ ಕೂರ್ಬೇಕು. ನಿಮ್ಮ ಟೈಲರ್ 'ಏನ್ ಸಾರ್ ಇದು ಗಂಟು' ಅಂತ ಕಿತ್ತುಹಾಕ್ತಾರೆ ನೋಡಿ.

ಅಂದಹಾಗೆ ಕತ್ತಿಗೆ ಜಾಸ್ತಿ ಅಲೀಬೇಡಿ, ಇಂಥ ರೆಪ್ಲಿಕಾ ಕತ್ತಿಗಳನ್ನ ನಮ್ಮ ಡೆಹ್ರಾಡೂನ್‌ನಲ್ಲೂ ಮಾಡ್ತಾರೆ.

ಮೈಸೂರ್‌ಪಾಕು:
ವಿಷ್ಯ ಬೇರೆ, ಕ್ಷಮಿಸಿ. ನಂಗೆ ಮೈಸೂರು ಲ್ಯಾನ್ಸರ್ಸ್ (ಮೈಸೂರು ಸಂಸ್ಥಾನದ ಅಶ್ವದಳ) ವೇಷ ಆಸೆ, ಮೊದಲ ಮಹಾಯುದ್ಧದಲ್ಲಿ 1918 ಸೆಪ್ಟೆಂಬರ್ 23ಕ್ಕೆ ಈಗಿನ ಇಸ್ರೇಲ್‌ನ ಹೈಫಾದಲ್ಲಿ ಜೋಧಪುರದವ್ರ ಜೊತೆ ನುಗ್ಗಿದ್ರಲ್ಲ ಅವ್ರು. ಖಾಕಿ ಏನೋ ಸಿಗುತ್ತೆ, ಕಾಲಿಗೆ ಪಟ್ಟಿ ಸುತ್ತೋದು ಹೆಂಗೆ?

ಹಳೇಲಾಳ:
ಕಾಲಾಳು ಪಾದದ ಗಂಟಿಂದ ಮೇಲಕ್ಕೆ ಸುತ್ತಿ ಮಂಡಿ ಕೆಳಗೆ ಕಟ್ತಿದ್ದ, ಕುದ್ರೆಯವನು ಮಂಡಿಯಿಂದ ಕೆಳಕ್ಕೆ ಸುತ್ತಿ ಪಾದದ ಗಂಟಲ್ಲಿ ಕಟ್ತಿದ್ದ. ಉಲ್ಟಾ ಸುತ್ತಿದ್ರೆ ನಿಮ್ಮನ್ನೂ ಫಾರ್ಬ್ ಅಂತಾರೆ 😄

ಕುದ್ರೆಹುಚ್ಚ:
ಥ್ಯಾಂಕ್ಸ್ ಎಲ್ರಿಗೂ. ಪ್ಯಾಂಟ್ ಚೆಕ್ ಮಾಡ್ದೆ, ಸೂಜಿದಾರ ಅವ್ರು ಹೇಳಿದ್ದೇ ಸರಿ, ನಾಲ್ಕು ಇಂಚು ಕೆಳಗಿತ್ತು. ಗುಂಪಲ್ಲಿ ಕೇಳಿದ್ದಕ್ಕೆ ಈ ಸೀಸನ್‌ಗೆ ಸ್ಯಾಕ್ ಕೋಟ್ ಸಾಲ ಕೊಡ್ತಾರಂತೆ. ಊರಿಗೆ ಕೆರ್ಸಿ ಹೊತ್ಕೊಂಡು ಬರ್ತೀನಿ, ಒಂದು ಪ್ಯಾಂಟಿಗೆ ಆ ಎರಡನೇ ಪದರ ಸೇರಿ ಎಷ್ಟು ಮೀಟರ್ ಬೇಕು?